ಆನೆ ದಪ್ಪಗಿದೆ ಅಂತ ನಗಿಸಬೇಡ

ಪ್ರೀತಿಯ ತಂಗಿ,

ನಿನ್ನ ಬಂಡೀಪುರದ ಕಥೆ ಓದಿದೆ. ಪುಟ್ಟ ಮಕ್ಕಳಿಗೆ ಬುದ್ಧಿ ಹೇಳುವ ಪುಸ್ತಕಗಳಿಗೆ ನಮ್ಮಲ್ಲಿ ಬರವಿಲ್ಲ, ಸುಮ್ನೆ ಹೊಟ್ಟೆ ತುಂಬ ನಗಲಿ ಅಂತ ಬರೆದದ್ದು ಕಡಿಮೆ. ಹಾಗಾಗಿ ನೀನು ಇದನ್ನು ಅರ್ಧಕ್ಕೆ ಬಿಡಬಾರದು. ಆದರೆ ಈಗಿರುವ ಹಾಗೆಯೇ ಚಿತ್ರ ಬರೆಯುವವರ ಕೈಗೆ ಕೊಡಬೇಡ, ಇನ್ನೊಂದು ಸಲ ಕೂತು ಬರೆ.

ಮೊದಲು ಆನೆಮರಿಯ ವಿಷಯ. ಅದು ಕೂತ ಬೆಂಚು ಮುರಿಯುತ್ತದೆ, ಉಳಿದ ಪ್ರಾಣಿಗಳೆಲ್ಲ ‘ಡುಮ್ಮಣ್ಣ ಡುಮ್ಮಣ್ಣ’ ಅಂತ ನಗುತ್ತವೆ. ಕಥೆ ಕೇಳುವ ಮಕ್ಕಳ ಗುಂಪಿನಲ್ಲಿ ಒಂದಾದರೂ ದಪ್ಪಗಿನ ಮಗು ಇರುತ್ತದೆ, ಅಲ್ವಾ? ಆ ಪುಟ ಬಂದ ಕೂಡಲೇ ಉಳಿದವರು ತಿರುಗಿ ಅದರ ಮುಖ ನೋಡುತ್ತಾರೆ. ಆ ನಗು ನಮಗೆ ಬೇಡ. ಆನೆಮರಿಯಲ್ಲಿ ಅದಕ್ಕಿಂತ ಎಷ್ಟೋ ಒಳ್ಳೆಯ ತಮಾಷೆ ಇದೆ. ಹುಟ್ಟಿದ ಮೊದಲ ಕೆಲವು ತಿಂಗಳು ಮರಿಗೆ ತನ್ನ ಸೊಂಡಿಲನ್ನು ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಸುಮ್ಮನೆ ಬೀಸುತ್ತದೆ, ಒಮ್ಮೊಮ್ಮೆ ತಾನೇ ತುಳಿದು ಮುಗ್ಗರಿಸುತ್ತದೆ, ನಮ್ಮ ಕೂಸುಗಳು ಹೆಬ್ಬೆರಳು ಚೀಪುವ ಹಾಗೆ ಅದರ ತುದಿಯನ್ನು ಬಾಯಿಗಿಟ್ಟು ಚೀಪುತ್ತದೆ, ನೀರು ಕಂಡರೆ ಸೊಂಡಿಲನ್ನು ಪಕ್ಕಕ್ಕೆ ಸರಿಸಿ ನೇರ ಬಾಯಿ ಹಾಕುತ್ತದೆ. ಅಂಗಿಯ ಗುಂಡಿ ಹಾಕಲು ಬಾರದ, ಎಡದ ಚಪ್ಪಲಿ ಬಲಕ್ಕೆ ತೊಡುವ ನಾಲ್ಕು ವರ್ಷದ ಮಗುವಿಗೆ ಈ ಮರಿ ಅಂದರೆ ಪಂಚಪ್ರಾಣವಾಗುತ್ತದೆ. ಅದನ್ನು ಬರೆ.

ಕರಡಿಯೂ ಹಾಗೇ. ನೀನು ಅದಕ್ಕೆ ಕನ್ನಡಕ ಹಾಕಿಸಿ ಮೇಷ್ಟರು ಮಾಡಿದ್ದೀಯ, ಆದರೆ ಅದರಲ್ಲಿ ಕರಡಿ ಎಲ್ಲಿದೆ? ನಮ್ಮ ಕಾಡಿನ ಕರಡಿಗೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇಲ್ಲ. ಉಗುರಿನಿಂದ ಹುತ್ತ ಬಗೆದು, ಮೂತಿ ತೂರಿಸಿ, ಫೂ ಅಂತ ಧೂಳು ಊದಿ, ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು ಆ ಹಲ್ಲಿನ ಸಂದಿಯಿಂದ ಗೆದ್ದಲನ್ನು ಸೊರ್ರ್ ಅಂತ ಎಳೆಯುತ್ತದೆ, ಆ ಸದ್ದು ದೂರದವರೆಗೆ ಕೇಳುತ್ತದೆ. ಮುಂದಿನ ಹಾಲುಹಲ್ಲು ಬಿದ್ದಿರುವ ಮಗುವಿಗೆ ಓದಿ ಹೇಳು, ಮರುಕ್ಷಣವೇ ಸೊರ್ರ್ ಅಂತ ಶುರು ಮಾಡುತ್ತದೆ. ಹಂಪಿ ಹತ್ತಿರದ ದರೋಜಿಯಲ್ಲಿ ಕರಡಿಗಳಿಗೆಂದೇ ಒಂದು ಧಾಮವಿದೆ. ಬರೆಯುವ ಮುಂಚೆ ಒಂದು ಸಂಜೆ ಅಲ್ಲಿ ಕೂತು ನೋಡು.

ಸಿಂಹ, ಜಿರಾಫೆ ಎರಡನ್ನೂ ತೆಗೆದುಬಿಡು. ಭಾರತದಲ್ಲಿ ಕಾಡುಸಿಂಹ ಇರುವುದು ಗುಜರಾತಿನ ಗಿರ್ ಕಡೆ ಮಾತ್ರ, ಜಿರಾಫೆ ಆಫ್ರಿಕಾದ್ದು. ಮೈಸೂರಿನ ಮೃಗಾಲಯದಲ್ಲಿ ಜಿರಾಫೆ ನೋಡಿದ ಮಗು ಅದು ಬಂಡೀಪುರದಲ್ಲೂ ಇರುತ್ತದೆ ಅಂದುಕೊಂಡರೆ ತಪ್ಪು ಮಗುವಿನದಲ್ಲ, ನಮ್ಮದು. ಪಂಚತಂತ್ರದಲ್ಲಿ ಸಿಂಹ ಇದೆ ಅಂತ ನೀನು ಹೇಳಬಹುದು. ಇರಲಿ, ಆದರೆ ನೀನು ನಿಜವಾದ ಕಾಡಿನ ಹೆಸರು ಹಿಡಿದು ಬರೆಯುತ್ತಿದ್ದೀಯ. ಅಲ್ಲಿ ಮುಸುವ ಇದೆ, ಚುಕ್ಕೆಜಿಂಕೆ ಇದೆ, ಶಿಳ್ಳೆ ಹಾಕಿ ಒಂದನ್ನೊಂದು ಕರೆಯುವ ಸೀಳುನಾಯಿ ಇದೆ. ದಾಂಡೇಲಿ ಕಡೆಯ ಮಂಗಟ್ಟೆ ಹಕ್ಕಿ ಮಾತ್ರ ಇನ್ನೊಂದು ಪುಸ್ತಕಕ್ಕೆ ಇರಲಿ: ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ, ಒಂದು ಸಣ್ಣ ಸೀಳು ಬಿಟ್ಟು, ಗಂಡು ದಿನವಿಡೀ ಹಣ್ಣು ತಂದು ಆ ಸೀಳಿನಿಂದ ಕೊಡುತ್ತಲೇ ಇರಬೇಕು. ಅಪ್ಪನ ಆ ಓಡಾಟವೊಂದೇ ಒಂದು ಕಥೆಗೆ ಸಾಕು.

ಇನ್ನು ಮಾತು ಜಾಸ್ತಿಯಾಗಿದೆ ಕಣಮ್ಮಾ. ‘ಲಂಟಾನ ಪೊದೆಯ ಹಿಂದೆ ಕಪ್ಪು ಪಟ್ಟೆಗಳ ಹಳದಿ ಹುಲಿಯೊಂದು ಅಡಗಿ ಕುಳಿತಿತ್ತು’ ಅಂತ ಬರೆದಿದ್ದೀಯ. ಇದೆಲ್ಲ ಚಿತ್ರದ ಕೆಲಸ. ಮರದ ಮೇಲೆ ಕೂತ ಮುಸುವ ಎಲೆ, ಕಾಯಿ ಉದುರಿಸುತ್ತದೆ, ಕೆಳಗೆ ಜಿಂಕೆ ಆರಿಸಿ ತಿನ್ನುತ್ತದೆ. ನೀನು ಬರೆಯಬೇಕಾದ್ದು ಇಷ್ಟೇ: ‘ಇವತ್ತು ಯಾರೂ ಬಂದಿಲ್ಲ, ಆರಾಮಾಗಿ ತಿನ್ನೋಣ’ ಅಂದಿತು ಜಿಂಕೆ. ಪೊದೆಯಿಂದ ಪಟ್ಟೆಪಟ್ಟೆ ಬಾಲವೊಂದು ಹೊರಗೆ ಇಣುಕುತ್ತಿರುವುದು ಚಿತ್ರದಲ್ಲಿರಲಿ. ಓದಲು ಬಾರದ ಮಗು ಅದನ್ನು ಅಮ್ಮನಿಗಿಂತ ಮೊದಲು ಕಂಡುಹಿಡಿದು ‘ಅಯ್ಯೋ, ಹಿಂದೆ ನೋಡು!’ ಅಂತ ಜಿಂಕೆಗೆ ಕೂಗಿ ಹೇಳುತ್ತದೆ. ದೊಡ್ಡವರಿಗೆ ಕಾಣದ್ದು ತನಗೆ ಕಂಡಿತು ಅನ್ನುವ ಖುಷಿ ಇದೆಯಲ್ಲ, ಅದನ್ನು ದಯವಿಟ್ಟು ಮಗುವಿನಿಂದ ಕಿತ್ತುಕೊಳ್ಳಬೇಡ. ಮುಸುವ ‘ಖಕ್’ ಅಂತ ಕೂಗಿ ಎಚ್ಚರಿಸುವುದು ಪುಟ ತಿರುಗಿಸಿದ ಮೇಲೆ ಬರಲಿ.

ಇಂಥ ಪುಸ್ತಕ ಸಾಮಾನ್ಯವಾಗಿ 32 ಪುಟ, ಅಂದರೆ ಅಚ್ಚಿನವರ ಲೆಕ್ಕದಲ್ಲಿ 16 ಪುಟದ ಎರಡು ಕಟ್ಟು (ಫಾರಂ). ಹೆಸರಿನ ಪುಟ, ಮುದ್ರಣದ ವಿವರ ಎಲ್ಲ ಕಳೆದರೆ ಕಥೆಗೆ ಸಿಗುವುದು ಸುಮಾರು 14 ಜೋಡಿಪುಟ. ಮಾತು 500 ಪದಗಳೊಳಗೇ ಇರಲಿ, ಇನ್ನೂ ಕಡಿಮೆಯಾದರೆ ಇನ್ನೂ ಒಳ್ಳೆಯದು.

ಮುಂದಿನ ಸಲ ಟೈಪ್ ಮಾಡಿ ಕಳಿಸಬೇಡ. ಎಂಟು ಎ4 ಹಾಳೆ ತಗೊಂಡು ನಡುವೆ ಮಡಚಿ ಪಿನ್ ಹೊಡಿ, 32 ಪುಟ ಆಗುತ್ತದೆ. ಕಡ್ಡಿಗೆರೆಯ ಗೊಂಬೆಯಾದರೂ ಸರಿ, ಪ್ರತಿ ಪುಟದಲ್ಲೂ ಯಾರು ಎಲ್ಲಿದ್ದಾರೆ ಅಂತ ಗೀಚಿ, ಮಾತು ಬರೆದು, ಪಕ್ಕದ ಮನೆಯ ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದು. ಅವರು ಎಲ್ಲಿ ನಕ್ಕರು, ಎಲ್ಲಿ ಎದ್ದು ಹೋದರು ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿ ಆ ಪ್ರತಿಯನ್ನೇ ಅಂಚೆಗೆ ಹಾಕು.