ಬರೆದು ಕೊಡಿ: ಮಹಾರಾಷ್ಟ್ರದ ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ದೇವೇಂದ್ರ ಫಡಣವೀಸ್ ಅವರಿಗೆ,
ಮುಖ್ಯಮಂತ್ರಿಗಳು ಹಾಗೂ ಗೃಹ ಸಚಿವರು, ಮಹಾರಾಷ್ಟ್ರ

ಮಾನ್ಯರೇ,

ಮುಂಬಯಿಯ ಪಶ್ಚಿಮ ಉಪನಗರದಲ್ಲಿ ಉಡುಪಿ ಹೋಟೆಲು ನಡೆಸುವವನು ನಾನು. ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕನ್ನಡದಲ್ಲಿಯೂ ಪ್ರಕಟಿಸುತ್ತಿರುವುದು ಇಲ್ಲಿ ನನ್ನದೇ ಕಸುಬು ಮಾಡುವ ನಮ್ಮವರು ಓದಲಿ ಎಂದು. ಇದರಲ್ಲಿ ಅವರ ಹೊಣೆಯ ಮಾತೂ ಇದೆ.

ಬಾಂಗ್ಲಾದೇಶದಿಂದ ಅಕ್ರಮವಾಗಿ ಗಡಿ ದಾಟಿ ಬಂದವರನ್ನು ಹುಡುಕಿ ಹೊರಗೆ ಕಳುಹಿಸುವ ಕಾರ್ಯಾಚರಣೆಗೆ ನನ್ನ ವಿರೋಧವಿಲ್ಲ. 2008ರ ನವೆಂಬರ್ 26ರ ರಾತ್ರಿ ಈ ಊರಿನಲ್ಲಿದ್ದ ಯಾರೂ ಭದ್ರತೆಯ ವಿಷಯದಲ್ಲಿ ಹಗುರವಾಗಿ ಮಾತನಾಡಲಾರರು. ಹತ್ತು ಮಂದಿ ಸಮುದ್ರದ ದಾರಿಯಲ್ಲಿ ಬಂದು 166 ಜೀವಗಳನ್ನು ತೆಗೆದರು. ಕಸಬ್‌ನ ಬಳಿ ಇದ್ದ ನಕಲಿ ಗುರುತಿನ ಚೀಟಿಯಲ್ಲಿ ಹಿಂದೂ ಹೆಸರು, ಹೈದರಾಬಾದಿನ ಕಾಲೇಜು, ಬೆಂಗಳೂರಿನ ನಾಗರಬಾವಿಯ ವಿಳಾಸ ಇತ್ತೆಂದು ಆ ತನಿಖೆ ನಡೆಸಿದ ರಾಕೇಶ್ ಮಾರಿಯಾ ಅವರೇ ದಾಖಲಿಸಿದ್ದಾರೆ. ಅದನ್ನು ಓದಿದ ದಿನ ನನ್ನ ಮೈ ಉರಿದಿತ್ತು. ಸುಳ್ಳು ಚೀಟಿಯೊಂದು ಏನು ಮಾಡಬಲ್ಲದು ಎಂಬುದನ್ನು ಮುಂಬಯಿಯವರಿಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ.

2025ರ ಜನವರಿಯಲ್ಲಿ ನಟ ಸೈಫ್ ಅಲಿ ಖಾನ್ ಅವರ ಮೇಲೆ ಹಲ್ಲೆಯಾದಾಗ ಬಂಧಿತನಾದ ಆರೋಪಿ ಬಾಂಗ್ಲಾದೇಶದವನು, ಹೆಸರು ಬದಲಿಸಿಕೊಂಡು ರೆಸ್ಟೋರೆಂಟುಗಳಲ್ಲಿ ಕೆಲಸ ಮಾಡಿದ್ದನು ಎಂದು ಪೊಲೀಸರು ಹೇಳಿದರು. ಆ ಸುದ್ದಿ ಬಂದ ವಾರ ನಮ್ಮ ಹೋಟೆಲಿನವರ ನಡುವೆ ಬೇರೆ ಮಾತೇ ಇರಲಿಲ್ಲ. ಕೆಲಸಗಾರರನ್ನು ಪೂರೈಸುವ ಏಜೆಂಟನ ಕೈಯಿಂದ ಜನರನ್ನು ತೆಗೆದುಕೊಂಡು, ಒಂದು ಜೆರಾಕ್ಸ್ ಪ್ರತಿಯನ್ನು ಗಲ್ಲಾಪೆಟ್ಟಿಗೆಯ ಕೆಳಗೆ ತುರುಕಿ ಸುಮ್ಮನಿರುವ ಮಾಲೀಕರು ನಮ್ಮಲ್ಲಿದ್ದಾರೆ. ಅಗ್ಗಕ್ಕೆ ಸಿಗುತ್ತಾನೆ ಎಂದು ಪ್ರಶ್ನೆ ಕೇಳದೆ ಇಟ್ಟುಕೊಳ್ಳುವವರೂ ಇದ್ದಾರೆ. ಅದು ತಪ್ಪು. ಅಂಥವರ ಮೇಲೆ ತಾವು ಕ್ರಮ ಕೈಗೊಂಡರೆ ನಾನು ಅವರ ಪರವಾಗಿ ಒಂದು ಮಾತೂ ಆಡುವುದಿಲ್ಲ.

ಆದರೆ ಕಾರ್ಯಾಚರಣೆ ನಡೆಯುತ್ತಿರುವ ರೀತಿಯ ಬಗ್ಗೆ ಹೇಳಲೇಬೇಕಾದದ್ದು ಇದೆ.

ಒಂದು ಕಾಲಕ್ಕೆ ನಮ್ಮ ಹೋಟೆಲುಗಳ ಅಡುಗೆಮನೆ ತುಂಬ ಕುಂದಾಪುರ, ಕಾರ್ಕಳ, ಉಡುಪಿ ಕಡೆಯ ಹುಡುಗರೇ ಇದ್ದರು. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಅವರ ಮಕ್ಕಳು ಈಗ ಬೆಂಗಳೂರಿನಲ್ಲಿ, ದುಬೈಯಲ್ಲಿ ಇದ್ದಾರೆ. ಮೋರಿಯ ಮುಂದೆ ನಿಲ್ಲಲು ಯಾರೂ ಬರುವುದಿಲ್ಲ, ಬರಬೇಕೆಂದು ನಾನು ಹಾರೈಸುವುದೂ ಇಲ್ಲ. ಆ ಜಾಗಕ್ಕೆ ಜಾರ್ಖಂಡ್, ಒಡಿಶಾ, ಉತ್ತರ ಪ್ರದೇಶದವರು ಬಂದಿದ್ದಾರೆ. ನೇಪಾಳದವರು ಬಂದಿದ್ದಾರೆ, 1950ರ ಒಪ್ಪಂದದಂತೆ ಅವರಿಗೆ ಇಲ್ಲಿ ದುಡಿಯಲು ವೀಸಾ ಬೇಕಿಲ್ಲ. ಮತ್ತು ಪಶ್ಚಿಮ ಬಂಗಾಳದ ಮಾಲ್ದಾ, ಮುರ್ಷಿದಾಬಾದ್ ಜಿಲ್ಲೆಗಳವರು ಬಂದಿದ್ದಾರೆ. ಬಾಂಗ್ಲಾದೇಶದವರಂತೆ ಬಂಗಾಳಿ ಮಾತನಾಡುವ ಈ ಕೊನೆಯವರ ಪಾಡು ಏನಾಗಿದೆ ಎಂದು ತಮಗೆ ತಿಳಿಯಬೇಕು.

ನಮ್ಮಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವ ಒಬ್ಬ ಮಾಲ್ದಾದ ಹುಡುಗನಿದ್ದಾನೆ. ಕಳೆದ ವರ್ಷದ ಮಳೆಗಾಲದಲ್ಲಿ, ಹೋಟೆಲು ಮುಚ್ಚಿ ಹುಡುಗರು ಅಟ್ಟದ ಮೇಲೆ ಚಾಪೆ ಹಾಸುವ ಹೊತ್ತಿಗೆ ಪೊಲೀಸರು ಬಂದರು. ಇವನ ಮಾತಿನ ಧಾಟಿ ಕೇಳಿದ ಕೂಡಲೇ ‘ನೀನು ಬಾ’ ಎಂದರು. ಆಧಾರ್, ಮತದಾರರ ಚೀಟಿ ಎರಡನ್ನೂ ತೋರಿಸಿದ. ‘ಇವು ಎಲ್ಲೆಂದರಲ್ಲಿ ಸಿಗುತ್ತವೆ’ ಎಂಬ ಉತ್ತರ ಬಂತು. ನಾನು ಠಾಣೆಗೆ ಹೋಗುವಷ್ಟರಲ್ಲಿ ಅವನ ತಂದೆ ಊರಿನಿಂದ ಜಮೀನಿನ ಹಳೆಯ ದಾಖಲೆ, ಶಾಲೆಯ ಪ್ರಮಾಣಪತ್ರ, ಪಂಚಾಯಿತಿ ಪ್ರಧಾನರ ಪತ್ರ ಇವೆಲ್ಲವನ್ನೂ ಮೊಬೈಲಿಗೆ ಕಳುಹಿಸಿದ್ದರು. ಎಲ್ಲವೂ ಬಂಗಾಳಿ ಲಿಪಿಯಲ್ಲಿ. ಠಾಣೆಯಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಪಕ್ಕದ ಬೀದಿಯಲ್ಲಿ ಚಿನ್ನದ ಕೆಲಸ ಮಾಡುವ ಬಂಗಾಳಿ ಹಿರಿಯರೊಬ್ಬರನ್ನು ನಾನೇ ಕರೆದುಕೊಂಡು ಹೋದೆ. ಅವರು ಒಂದೊಂದೇ ಸಾಲನ್ನು ಓದಿ ಹಿಂದಿಯಲ್ಲಿ ಹೇಳಿದರು. ಅಧಿಕಾರಿ ಕೇಳಿಸಿಕೊಂಡರು, ಆದರೆ ಏನನ್ನೂ ಬರೆದುಕೊಳ್ಳಲಿಲ್ಲ.

ಕೆಲವು ದಿನಗಳ ಮೇಲೆ ಅವನನ್ನು ಬಿಟ್ಟರು. ‘ಪರಿಶೀಲನೆ ಆಯಿತು, ಇವನು ಭಾರತೀಯ’ ಎಂದು ಒಂದು ಚೀಟಿ ಕೊಡಿ ಎಂದು ಕೇಳಿದೆ. ಹಾಗೆ ಕೊಡುವ ಪದ್ಧತಿ ಇಲ್ಲವಂತೆ. ದೀಪಾವಳಿಗೆ ಮುಂಚೆ ಇನ್ನೊಂದು ತಂಡ ಬಂತು. ಮತ್ತೆ ಅದೇ ಪ್ರಶ್ನೆ, ಅದೇ ಮೊಬೈಲು, ಅದೇ ಬಂಗಾಳಿ ಹಿರಿಯರು. ಹುಡುಗ ಈಗ ಗಿರಾಕಿಗಳ ಎದುರು ಬಾಯಿ ಬಿಡುವುದಿಲ್ಲ. ‘ಅಣ್ಣಾ, ನಾನು ಮಾತನಾಡಿದರೆ ತಾನೇ ಗೊತ್ತಾಗುವುದು?’ ಎಂದ. ಈ ಮಾತಿಗೆ ನಾನು ಏನು ಉತ್ತರ ಕೊಡಲಿ, ಸ್ವಾಮಿ?

ಅವನದು ಪುಣ್ಯ, ಮರಳಿ ಬಂದ. 2025ರ ಜೂನ್‌ನಲ್ಲಿ ಮೀರಾ ರೋಡ್‌ನಲ್ಲಿ ಹಿಡಿದ ಮುರ್ಷಿದಾಬಾದಿನ ಒಬ್ಬ ಗಾರೆ ಕೆಲಸಗಾರನನ್ನು, ಮನೆಯವರು ದಾಖಲೆಗಳನ್ನು ಕಳುಹಿಸಿದ ಮೇಲೂ, ಗಡಿಯ ಆಚೆಗೆ ದಬ್ಬಲಾಯಿತು. ಪಶ್ಚಿಮ ಬಂಗಾಳ ಸರ್ಕಾರ ಮಧ್ಯೆ ಬಂದ ಮೇಲೆ ಅವನನ್ನು ವಾಪಸು ತರಬೇಕಾಯಿತು. ದೆಹಲಿಯಲ್ಲಿ ಹಿಡಿದ, ಪಶ್ಚಿಮ ಬಂಗಾಳದ ಬೀರ್‌ಭೂಮ್‌ನ ಒಬ್ಬ ಗರ್ಭಿಣಿಯನ್ನೂ ಹೀಗೆಯೇ ಕಳುಹಿಸಿದರು. ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರಿನಲ್ಲಿ ಆ ಆದೇಶವನ್ನು ರದ್ದುಪಡಿಸಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಡಿಸೆಂಬರಿನಲ್ಲಿ ಆಕೆ ಮರಳಿದಳು. ರಾಜ್ಯಗಳು ಮೂವತ್ತು ದಿನಗಳೊಳಗೆ ಪರಿಶೀಲನೆ ನಡೆಸಬೇಕೆಂದು ಕೇಂದ್ರ ಗೃಹ ಸಚಿವಾಲಯವೇ ಆ ವರ್ಷದ ಮೇ ತಿಂಗಳಲ್ಲಿ ಸೂಚಿಸಿತ್ತು. ಮೂವತ್ತು ದಿನ ಇರುವಾಗ ಮೂರು ನಾಲ್ಕು ದಿನಕ್ಕೆ ಮನುಷ್ಯನನ್ನು ದೇಶದಾಚೆ ಹಾಕುವ ಅವಸರ ಯಾರಿಗೆ, ಯಾತಕ್ಕೆ?

ಕಾನೂನಿನ ಕೈ ಕಟ್ಟಿಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ದಾಖಲೆಯಿಲ್ಲದೆ ಒಳಗೆ ಬಂದರೆ ಐದು ವರ್ಷದವರೆಗೆ ಸೆರೆ. ನಕಲಿ ಪಾಸ್‌ಪೋರ್ಟು, ವೀಸಾ ಬಳಸಿದರೆ ಅಥವಾ ಒದಗಿಸಿದರೆ ಏಳು ವರ್ಷದವರೆಗೆ. ತಾನು ವಿದೇಶಿಯಲ್ಲ ಎಂದು ಸಾಬೀತುಪಡಿಸುವ ಭಾರವೂ 1946ರ ಹಳೆಯ ಕಾಯ್ದೆಯಲ್ಲಿದ್ದಂತೆಯೇ ಆರೋಪಕ್ಕೆ ಒಳಗಾದವನ ಮೇಲೆಯೇ ಇದೆ. ಇಷ್ಟು ಬಲ ಇರುವಾಗ ಅದನ್ನು ಬಳಸುವ ಮೊದಲು ಆಧಾರವಿರಬೇಕು, ಯಾರೋ ಒಬ್ಬನನ್ನು ಹಿಡಿದು ನೀನು ವಿದೇಶಿ ಎನ್ನುವಂತಿಲ್ಲ ಎಂದು ಅಸ್ಸಾಮಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದೆ. ಆಧಾರ್, ಪ್ಯಾನ್, ಮತದಾರರ ಚೀಟಿ ಇದ್ದ ಮಾತ್ರಕ್ಕೆ ಪೌರತ್ವ ಸಿದ್ಧವಾಗದು ಎಂದು ಬಾಂಬೆ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು. ಅದೂ ಸರಿಯೇ. ಹಾಗಾದರೆ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಕೂಲಿಯವನು ಏನನ್ನು ತೋರಿಸಬೇಕು ಎಂಬುದನ್ನು ಸರ್ಕಾರ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಡವೇ?

ಭದ್ರತೆಯ ದೃಷ್ಟಿಯಿಂದಲೇ ಇನ್ನೊಂದು ಮಾತು. ಬಾಂಗ್ಲಾದೇಶದೊಂದಿಗಿನ ನಮ್ಮ ಗಡಿ 4,096 ಕಿಲೋಮೀಟರ್. ಅಲ್ಲಿಂದ ಮುಂಬಯಿಗೆ ಯಾರೂ ತಾನಾಗಿ ನಡೆದು ಬರುವುದಿಲ್ಲ. ದಾಟಿಸುವ ದಲ್ಲಾಳಿ ಇದ್ದಾನೆ, ಬೇರೆಯವರ ಹೆಸರಿನಲ್ಲಿ ಸಿಮ್ ಕೊಡಿಸುವವನಿದ್ದಾನೆ, ಕಾರ್ಡು ಮಾಡಿಸುವ ಅಂಗಡಿಯವನಿದ್ದಾನೆ, ಕೊನೆಗೆ ಕೆಲಸಕ್ಕೆ ಸೇರಿಸುವ ಏಜೆಂಟನಿದ್ದಾನೆ. ಹಿಡಿದವನನ್ನು ಮೊಕದ್ದಮೆಯಿಲ್ಲದೆ, ಹೇಳಿಕೆಯಿಲ್ಲದೆ ರಾತ್ರೋರಾತ್ರಿ ಆಚೆಗೆ ದಬ್ಬಿದರೆ ಈ ನಾಲ್ವರ ಹೆಸರೂ ಅವನೊಂದಿಗೇ ಹೋಗಿಬಿಡುತ್ತದೆ. ತಿಂಗಳು ಕಳೆದ ಮೇಲೆ ಅದೇ ದಲ್ಲಾಳಿಗೆ ಹಣ ಕೊಟ್ಟು, ಹೊಸ ಹೆಸರು ಇಟ್ಟುಕೊಂಡು ಅವನು ಮರಳಿ ಬಂದರೆ ತಡೆಯುವವರು ಯಾರು? ಕಳುಹಿಸಿದವರ ಸಂಖ್ಯೆ ಪತ್ರಿಕೆಯಲ್ಲಿ ಬರುತ್ತದೆ. ಸಿಕ್ಕಿಬಿದ್ದ ದಲ್ಲಾಳಿಗಳ ಸಂಖ್ಯೆಯನ್ನೂ ಅದರ ಪಕ್ಕದಲ್ಲಿಯೇ ಪ್ರಕಟಿಸಿ ಎಂದು ಕೇಳುತ್ತೇನೆ.

ನಾನು ಕೇಳುವುದೆಲ್ಲ ಬರವಣಿಗೆಯದು. ಯಾರನ್ನಾದರೂ ಠಾಣೆಗೆ ಕರೆದೊಯ್ದರೆ ಯಾವ ಆಧಾರದ ಮೇಲೆ ಎಂದು ಬರೆದು, ಒಂದು ಪ್ರತಿಯನ್ನು ಅವನಿಗೂ ಕೆಲಸ ಕೊಟ್ಟವರಿಗೂ ಕೊಡಲಿ. ಅವನು ಹೇಳಿದ ಜಿಲ್ಲೆಗೆ ಲಿಖಿತವಾಗಿ ಕೇಳಲಿ, ಉತ್ತರವೂ ಲಿಖಿತವಾಗಿಯೇ ಬರಲಿ, ಅಲ್ಲಿಯವರೆಗೆ ಅವನು ಗಡಿಯ ಕಡೆಗೆ ಹೋಗುವ ವಾಹನ ಹತ್ತದಿರಲಿ. ಭಾರತೀಯನೆಂದು ತಿಳಿದರೆ ರಾಜ್ಯದ ಯಾವ ಠಾಣೆಯಲ್ಲಾದರೂ ಸಲ್ಲುವಂಥ ಪತ್ರ ಕೊಡಿ. ಬಾಂಗ್ಲಾದೇಶದವನೆಂದು ಸಿದ್ಧವಾದರೆ ಕಾರಣ ಬರೆದ ಆದೇಶವಿರಲಿ, ಬೆರಳಚ್ಚು ದಾಖಲಾಗಲಿ, ಅವನನ್ನು ಕರೆತಂದವನ ಮೇಲೆ ಮೊಕದ್ದಮೆ ಬೀಳಲಿ. ಕೊಲ್ಕತ್ತಾದ ಪೊಲೀಸರೊಡನೆ ಮಾತನಾಡಿ ಬಂಗಾಳಿ ಓದಬಲ್ಲ ಕೆಲವರನ್ನು ಇಲ್ಲಿಗೆ ಕರೆಸಿಕೊಳ್ಳುವುದು ಇಷ್ಟು ದೊಡ್ಡ ರಾಜ್ಯಕ್ಕೆ ಭಾರವಾಗದು.

ನನ್ನ ಹಿರಿಯರು ಈ ಊರಿನಲ್ಲಿ ದಕ್ಷಿಣ ಭಾರತದವರನ್ನು ಓಡಿಸಿ ಎನ್ನುವ ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಎಂಬ ಕೂಗನ್ನು ಕೇಳಿದವರು. ಅರವತ್ತರ ದಶಕದ ಕೊನೆಯಲ್ಲಿ ಹೋಟೆಲಿನ ಗಾಜಿಗೆ ಕಲ್ಲು ಬಿದ್ದಾಗ ಅವರ ಕೈಯಲ್ಲಿ ಎಲ್ಲ ಪರವಾನಗಿಗಳೂ ಇದ್ದವು, ಯಾರೂ ಅದನ್ನು ಓದಲಿಲ್ಲ. ಅವರಲ್ಲಿ ಯಾರೂ ಮುಂಬಯಿಯನ್ನು ಬಿಟ್ಟು ಹೋಗಲಿಲ್ಲ, ಮುಂಬಯಿಯೂ ಅವರನ್ನು ಕೈಬಿಡಲಿಲ್ಲ. ಈ ಊರಿನ ಮೇಲಿನ ಆ ಋಣದಿಂದಲೇ ಇಷ್ಟು ಬರೆಯುತ್ತಿದ್ದೇನೆ.

ಹೋಟೆಲಿನ ನನ್ನ ಮಿತ್ರರಲ್ಲಿ ಒಂದು ವಿನಂತಿ: ಏಜೆಂಟನ ಮಾತು ನಂಬಬೇಡಿ, ಹುಡುಗನ ಊರಿಗೆ ನೀವೇ ಕರೆ ಮಾಡಿ, ಮೂಲ ದಾಖಲೆಯನ್ನು ಕಣ್ಣಾರೆ ನೋಡಿ, ಪೊಲೀಸರಿಗೆ ಕೊಡಬೇಕಾದ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಷ್ಟು ಮಾಡಿದ ಮೇಲೆ ನಿಮ್ಮ ಹುಡುಗನನ್ನು ಒಯ್ದರೆ ಹೋಟೆಲು ಮುಚ್ಚಿಯಾದರೂ ಠಾಣೆಗೆ ಹೋಗಿ.

ಮಾನ್ಯ ಮುಖ್ಯಮಂತ್ರಿಗಳೇ, ಪರಿಶೀಲನೆ ಮುಗಿದವರಿಗೆ ಲಿಖಿತ ಪತ್ರ ಕೊಡಬೇಕೆಂಬ ಒಂದು ಸುತ್ತೋಲೆಯನ್ನು ಹೊರಡಿಸಲು ತಮಗೆ ಹೊಸ ಕಾನೂನು ಬೇಕಿಲ್ಲ, ವಿಧಾನಸಭೆಯ ಅಧಿವೇಶನ ಬೇಕಿಲ್ಲ. ಗೃಹ ಖಾತೆ ತಮ್ಮ ಬಳಿಯೇ ಇದೆ. ಈ ಮಳೆಗಾಲ ಆರಂಭವಾಗುವ ಮೊದಲು ಅದು ಎಲ್ಲ ಠಾಣೆಗಳಿಗೂ ತಲುಪುವಂತೆ ಮಾಡಬೇಕೆಂದು ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
ಮುಂಬಯಿಯ ಒಬ್ಬ ಕನ್ನಡಿಗ ಹೋಟೆಲು ಮಾಲೀಕ