‘ಹೊಸ ಮಾದರಿ ಇಷ್ಟವಾಯಿತೇ?’ ಎಂಬ ನಿಮ್ಮ ಎಸ್‌ಎಂಎಸ್‌ಗೆ ಉತ್ತರ, ಮತ್ತು ಸೀಸನ್ ಪಾಸ್ ಬಗ್ಗೆ ದೂರು

ಬೆಂಗಳೂರು
24 ಫೆಬ್ರವರಿ 2025

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ.

ಯುರೋಪಿನ ಕ್ಲಬ್ ಫುಟ್‌ಬಾಲ್ ಟೂರ್ನಿ ಚಾಂಪಿಯನ್ಸ್ ಲೀಗ್ ನೋಡಲು ನಿಮ್ಮ ಆ್ಯಪ್‌ನ ಸೀಸನ್ ಪಾಸ್ ಕೊಂಡವನು ನಾನು. 20ನೇ ತಾರೀಕು ಬೆಳಿಗ್ಗೆ ಏಳು ಗಂಟೆಗೆ ನಿಮ್ಮಿಂದ ಒಂದು ಎಸ್‌ಎಂಎಸ್ ಬಂತು. ‘ಚಾಂಪಿಯನ್ಸ್ ಲೀಗ್‌ನ ಹೊಸ ಮಾದರಿ ನಿಮಗೆ ಇಷ್ಟವಾಯಿತೇ? 1ರಿಂದ 5ರವರೆಗೆ ಅಂಕ ಕೊಡಿ.’ ಪಕ್ಕದಲ್ಲಿ ಒಂದು ನಗುವ ಮುಖ. ಈ ತಿಂಗಳು ನಿಮಗೆ ಆರು ಸಲ ಫೋನ್ ಮಾಡಿದ್ದೇನೆ. ನಾಲ್ಕು ಮೇಲ್ ಕಳಿಸಿದ್ದೇನೆ. ಮೇಲ್‌ಗಳಿಗೆ ಉತ್ತರವೇ ಇಲ್ಲ. ಫೋನಿನಲ್ಲಿ ಸಿಕ್ಕಿದ್ದು ದೂರಿನ ಮೂರು ಟಿಕೆಟ್ ನಂಬರ್. ಆ ಮೂರು ಟಿಕೆಟ್ ನಿಜವಾದವಾಗಿದ್ದರೆ ನನ್ನ ತಂಡದ ಊರು ಮ್ಯಾಂಚೆಸ್ಟರ್‌ಗೇ ಹೋಗಿ ಮ್ಯಾಚ್ ನೋಡಿ ಬರಬಹುದಿತ್ತು. ನೀವಾಗಿ ನನ್ನನ್ನು ಮಾತಾಡಿಸಿದ್ದು ಇದೇ ಮೊದಲು. ಕೇಳಿದ್ದೀರಲ್ಲ, ಹೇಳುತ್ತೇನೆ. ಒಂದಂಕಿಯಲ್ಲಿ ಮುಗಿಯುವ ಮಾತಲ್ಲ.

ನಾನು ಹಳೆಯ ಮಾದರಿಯವನು. 32 ತಂಡ, ನಾಲ್ಕು ನಾಲ್ಕರ 8 ಗುಂಪು, ಗುಂಪಿಗೆ ಇಬ್ಬರು ಮುಂದಕ್ಕೆ. ಊಟ ಬಡಿಸುತ್ತಾ ಹೆಂಡತಿಗೆ ವಿವರಿಸಬಹುದಿತ್ತು. ಈಗ 36 ತಂಡ, ಒಂದೇ ಪಟ್ಟಿ. ಒಬ್ಬೊಬ್ಬರಿಗೆ 8 ಪಂದ್ಯ, ಎಂಟೂ ಬೇರೆ ಬೇರೆ ಎದುರಾಳಿ. ಮೊದಲ 8 ತಂಡ ನೇರವಾಗಿ 16ರ ಸುತ್ತಿಗೆ. ಆ ಸುತ್ತಿನ ಉಳಿದ 8 ಜಾಗಕ್ಕೆ 9ರಿಂದ 24ರವರೆಗಿನವರು ಪ್ಲೇ ಆಫ್ ಆಡಬೇಕು. ಉಳಿದವರು ಮನೆಗೆ. ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತುವುದಕ್ಕೂ ಕಂಪ್ಯೂಟರ್ ಬೇಕು.

ನಮ್ಮ ಆಸ್ಟಿನ್ ಟೌನ್ ಗೆಳೆಯರ ವಾಟ್ಸಾಪ್‌ನಲ್ಲಿ ಸೆಪ್ಟೆಂಬರ್‌ನಿಂದ ಇದೇ ಜಗಳ. ‘144 ಪಂದ್ಯ ಆಡಿಸಿ ಬರೀ 12 ತಂಡ ಹೊರಗೆ ಹಾಕ್ತಾರೆ, ಇಷ್ಟಕ್ಕೆ ಇಷ್ಟು ದೊಡ್ಡ ಜರಡಿ ಬೇಕಿತ್ತಾ?’ ಎಂದು ಒಬ್ಬ. ‘ಪ್ಯಾರಿಸ್‌ನ ಪಿಎಸ್‌ಜಿಗೆ ಬಯರ್ನ್, ಆರ್ಸೆನಲ್, ಸಿಟಿ, ಅಟ್ಲೆಟಿಕೊ, ಎಲ್ಲ ದೊಡ್ಡ ತಂಡಗಳೇ ಗಂಟುಬಿದ್ದವು. ಪಟ್ಟಿ ಒಂದೇ, ಪ್ರಶ್ನೆಪತ್ರಿಕೆ ಬೇರೆ ಬೇರೆ, ಇದ್ಯಾವ ನ್ಯಾಯ?’ ಎಂದು ಇನ್ನೊಬ್ಬ. ಮೂರನೆಯವನಿಗೆ ಹೊಸದೇ ಚೆನ್ನ. ಮೊದಲೆಲ್ಲ ನಾಲ್ಕು ಮ್ಯಾಚ್ ಗೆದ್ದ ದೊಡ್ಡ ತಂಡ ಉಳಿದೆರಡನ್ನು ಕಾಟಾಚಾರಕ್ಕೆ ಆಡುತ್ತಿತ್ತು, ಈಗ ಕೊನೆಯವರೆಗೂ ಬೆವರು ಹರಿಸಬೇಕು ಎನ್ನುತ್ತಾನೆ. ನಾನು ಮೊದಲಿಬ್ಬರ ಕಡೆ ಇದ್ದೆ.

ಜನವರಿ 30ರ ಬೆಳಗಿನ ಜಾವ 1:30ಕ್ಕೆ 18 ಪಂದ್ಯ ಒಟ್ಟಿಗೇ ಶುರುವಾದವು. ಅರ್ಧ ಸಮಯಕ್ಕೆ ನನ್ನ ಮ್ಯಾಂಚೆಸ್ಟರ್ ಸಿಟಿ ತನ್ನ ಮನೆಯಲ್ಲೇ ಕ್ಲಬ್ ಬ್ರೂಜ್ ಎದುರು 0-1. 24ರ ಗೆರೆಯ ಕೆಳಗೆ. ಆಮೇಲೆ ನಮ್ಮ ಕೊವಾಚಿಚ್ ಸಮ ಮಾಡಿದ. ಬ್ರೂಜ್‌ನವರೇ ಒಂದು ಗೋಲು ತಮ್ಮ ಬಲೆಗೆ ಹಾಕಿಕೊಂಡರು. ಸಾವಿನ್ಯೊ ಮೂರನೆಯದು ಹೊಡೆದ. ಸೋತ ಬ್ರೂಜ್ ಕೂಡ 24ನೆಯದಾಗಿ ಉಳಿಯಿತು. ಅಷ್ಟೇ ಅಂಕವಿದ್ದ ಡಿನಾಮೊ ಜಾಗ್ರೆಬ್ ಗೋಲು ವ್ಯತ್ಯಾಸದಲ್ಲಿ 25ನೆಯದಾಗಿ ಮನೆಗೆ ಹೋಯಿತು. ಆ ರಾತ್ರಿ ನಾನು ಪಕ್ಷ ಬದಲಿಸಿದೆ. ಹೊಸ ಮಾದರಿಗೆ 5ಕ್ಕೆ 4. ಅವತ್ತು ನಿಮ್ಮ ಆ್ಯಪ್ ಒಂದು ಸಲವೂ ಗಿರಗಿರ ತಿರುಗಲಿಲ್ಲ. ಇದನ್ನು ಹೊಗಳಿಕೆ ಅಂತಲೇ ಬರೆದುಕೊಳ್ಳಿ, ಈ ಪತ್ರದಲ್ಲಿ ಇನ್ನೊಂದು ಸಿಗುವುದಿಲ್ಲ.

ಈಗ ದೂರು. ಆಗಸ್ಟ್‌ನಲ್ಲಿ ನಾನು ಕೊಂಡ ಪಾಸ್‌ನ ಜಾಹೀರಾತು ‘ಚಾಂಪಿಯನ್ಸ್ ಲೀಗ್ ಪೂರ್ತಿ’ ಎಂದಿತ್ತು. ಪೂರ್ತಿ ಎಂದರೆ ಏನೆಂದು ನಿಮ್ಮ ನಿಯಮಾವಳಿಯಲ್ಲೇ ಇದೆ. ಫೆಬ್ರವರಿ 12ರ ರಾತ್ರಿ 1:10ಕ್ಕೆ ಸಿಟಿ ಮತ್ತು ರಿಯಲ್ ಮ್ಯಾಡ್ರಿಡ್ ಪ್ಲೇ ಆಫ್ ನೋಡಲು ಕೂತರೆ ಬೀಗದ ಚಿತ್ರ. ‘ಈ ಹಂತ ನಿಮ್ಮ ಪಾಸ್‌ನಲ್ಲಿಲ್ಲ. 149 ರೂಪಾಯಿ ಪಾವತಿಸಿ.’

1:12ಕ್ಕೆ ಫೋನ್ ಮಾಡಿದೆ. ಮನೆಯವರು ಮಲಗಿದ್ದರು. ಕಿವಿಗೆ ಹಿಡಿದು ಹಿಡಿದು ಕೈ ಸೋತಿತು, ಸ್ಪೀಕರ್ ಹಾಕಿದೆ. ಅದೇ ತಪ್ಪಾಯಿತು. ಒಂಬತ್ತು ನಿಮಿಷ ಕೊಳಲಿನ ಒಂದೇ ತುಣುಕು ಕೇಳಿದ ಮೇಲೆ ಒಬ್ಬ ಹುಡುಗ ಸಿಕ್ಕಿದ.

‘ಸಾರ್, ನಿಮ್ಮ ಟೀಮ್ ಯಾವ ಗ್ರೂಪ್?’

‘ಗ್ರೂಪ್ ಇಲ್ಲಪ್ಪ. ಈ ವರ್ಷದಿಂದ ತೆಗೆದಿದ್ದಾರೆ.’

‘ಇರಲ್ಲ ಅಂದ್ರೆ ಹೇಗೆ ಸಾರ್, ಸಿಸ್ಟಮ್‌ನಲ್ಲಿ ಎ ಇಂದ ಎಚ್‌ವರೆಗೆ ಕೇಳ್ತಿದೆ. ಒಂದು ಹೇಳಿ, ಮುಂದಕ್ಕೆ ಹೋಗೋಣ.’

ಬಿ ಎಂದೆ. ಬೆಂಗಳೂರಿನ ಬಿ. ಮತ್ತೆ ಕೊಳಲು. ಆಮೇಲೆ ಮೇಲ್ವಿಚಾರಕರು ಬಂದರು. ದನಿಯಲ್ಲಿ ಬಹಳ ತಾಳ್ಮೆ. ನಿಮ್ಮ ನಿಯಮಾವಳಿಯ ಪಟ್ಟಿ ಓದಿದರು: ಗುಂಪು ಹಂತ, 16ರ ಸುತ್ತು, ಕ್ವಾರ್ಟರ್, ಸೆಮಿ, ಫೈನಲ್. ‘ಪ್ಲೇ ಆಫ್ ಇದರಲ್ಲಿ ಇಲ್ವಲ್ಲ ಸಾರ್.’

‘ಗುಂಪು ಹಂತವೇ ಈ ವರ್ಷ ಇಲ್ಲ. ಹಾಗಾದರೆ ಸೆಪ್ಟೆಂಬರ್‌ನಿಂದ ಜನವರಿವರೆಗೆ ನಾನು ನೋಡಿದ್ದು ಏನು?’

‘ಅದು ನಾವು ಕರ್ಟಸಿಯಾಗಿ ತೋರಿಸಿದ್ದು.’

ದುಡ್ಡು ಕೊಟ್ಟವನಿಗೆ ಐದು ತಿಂಗಳು ಧರ್ಮಕ್ಕೆ ತೋರಿಸಿದ್ದೀರಿ. ತಡವಾಗಿಯಾದರೂ ಥ್ಯಾಂಕ್ಸ್. ಅಷ್ಟು ಹೊತ್ತಿಗೆ ಮಗ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. ಅವನು ಲಿವರ್‌ಪೂಲ್ ಕಡೆಯವನು, ಪಟ್ಟಿಯಲ್ಲಿ ಒಂದನೇ ಸ್ಥಾನ. ಹಿಂದೆ ಹೆಂಡತಿ. ಸ್ಪೀಕರ್ ಇನ್ನೂ ಹಾಕಿಯೇ ಇತ್ತು. ಆಗ ನಿಮ್ಮ ಮೇಲ್ವಿಚಾರಕರು ಅಂದರು:

‘ನಿಮ್ಮ ಟೀಮ್ ಮೊದಲ 8ರಲ್ಲಿ ಬಂದಿದ್ರೆ ನಿಮಗೆ ಈ ತೊಂದರೆನೇ ಇರ್ತಿರಲಿಲ್ಲ, ಅಲ್ವಾ ಸಾರ್?’

ಮಗ ನಕ್ಕ. ಹೆಂಡತಿಗೆ ಫುಟ್‌ಬಾಲ್ ಗೊತ್ತಿಲ್ಲ. ಆದರೂ ನಕ್ಕಳು. ‘ಎಷ್ಟನೇದು ಬಂತು?’ ಎಂದು ಬೇರೆ ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಫೋನಿನೊಳಗಿಂದ ‘22 ಮೇಡಂ’ ಎಂದು ಬಂತು. ಪ್ಲೇ ಆಫ್ ಎಂದರೇನೆಂದು ಗೊತ್ತಿಲ್ಲದ ಕಂಪನಿಗೆ ನನ್ನ ತಂಡದ ಸ್ಥಾನ ಮಾತ್ರ ಬಾಯಿಪಾಠವಾಗಿತ್ತು. ಫೆಯನೂರ್ಡ್ ಎದುರು 3-0 ಇದ್ದದ್ದು 3-3 ಆಗಿದ್ದು, ಪ್ಯಾರಿಸ್‌ನಲ್ಲಿ 2-0 ಇದ್ದು 2-4 ಸೋತದ್ದು ನನಗೆ ಗೊತ್ತಿಲ್ಲವೇ? ಅದನ್ನು ಆಡಿಕೊಳ್ಳಲು ನನಗೆ ಗೆಳೆಯರಿದ್ದಾರೆ. ಪುಕ್ಕಟೆಯಾಗಿ ಮಾಡುತ್ತಾರೆ.

1:49ಕ್ಕೆ ಮಗ ತನ್ನ ಫೋನ್ ನೋಡಿ ‘ಸಿಟಿಗೆ ಹಾಲಂಡ್ ಹೊಡೆದ’ ಎಂದ. ನಾನು ಇನ್ನೂ ನಿಮ್ಮ ಜೊತೆಗಿದ್ದೆ. ಕರೆ ಮುಗಿದದ್ದು 1:53ಕ್ಕೆ. ಒಟ್ಟು 41 ನಿಮಿಷ. ಸೋತು 149 ಕಟ್ಟಿದೆ. ಆ ದುಡ್ಡಿಗೆ ಸಿಕ್ಕಿದ್ದು ರಿಯಲ್‌ನ ಗೋಲುಗಳು: 86ನೇ ನಿಮಿಷದಲ್ಲಿ ಬ್ರಾಹಿಮ್ ಡಿಯಾಸ್, ಕೊನೆಗೆ ಬೆಲ್ಲಿಂಗ್‌ಹ್ಯಾಮ್. 2-3 ಸೋಲು. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಆದರೆ ಎರಡನೇ ಲೆಗ್‌ಗೆ, ಅಂದರೆ ಅದೇ ಎದುರಾಳಿ ಜೊತೆಗಿನ ಎರಡನೇ ಪಂದ್ಯಕ್ಕೆ, ಮತ್ತೆ 149 ಕೇಳಿದಿರಿ. ಎರಡು ಲೆಗ್ ಸೇರಿದರೇ ಒಂದು ಹಣಾಹಣಿ ಎಂದು ಯಾರಾದರೂ ನಿಮಗೆ ಹೇಳಬಾರದೇ? ಕಟ್ಟಲಿಲ್ಲ. ರಿಯಲ್‌ನ ಎಂಬಪ್ಪೆ ಮೂರು ಹೊಡೆದನಂತೆ. 149 ಉಳಿಯಿತು. ನಿಮ್ಮ ನಗುವ ಮುಖ ಬಂದದ್ದು ಅದಾಗಿ ನಾಲ್ಕು ಗಂಟೆಯೊಳಗೆ.

ಅಭಿಮಾನಿಗಳ ಅಭಿಪ್ರಾಯ ಎಂದರೇನೆಂದು ಒಂದು ಮಾತು ಹೇಳುತ್ತೇನೆ. 2021ರ ಏಪ್ರಿಲ್‌ನಲ್ಲಿ 12 ದೊಡ್ಡ ಕ್ಲಬ್‌ಗಳು ಸೇರಿ ಚಾಂಪಿಯನ್ಸ್ ಲೀಗ್‌ಗೆ ಎದುರಾಗಿ ತಮ್ಮದೇ ಸೂಪರ್ ಲೀಗ್ ಘೋಷಿಸಿದವು. ನನ್ನ ತಂಡವೂ ಅದರಲ್ಲಿತ್ತು, ಮುಚ್ಚಿಡುವುದಿಲ್ಲ. ಯಾರೂ ಎಸ್‌ಎಂಎಸ್ ಕಳಿಸಿ ಅಂಕ ಕೇಳಲಿಲ್ಲ. ಚೆಲ್ಸಿ ಅಭಿಮಾನಿಗಳು ತಮ್ಮ ಮೈದಾನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮುಂದೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ ಬಾಲ ಮುದುರಿಕೊಂಡವು. ಇದೇ ಹೊಸ ಮಾದರಿಯಲ್ಲೂ ಟೂರ್ನಿ ನಡೆಸುವ ಯುಯೆಫಾ ಮೊದಲು ತಂಡಕ್ಕೆ 10 ಪಂದ್ಯ ಅಂದಿತ್ತು, ಹಳೆಯ ಸಾಧನೆ ನೋಡಿ ಎರಡು ಜಾಗ ಕೊಡುತ್ತೇವೆ ಅಂದಿತ್ತು. ಗಲಾಟೆ ಜಾಸ್ತಿಯಾಯಿತು. 2022ರ ಮೇನಲ್ಲಿ 10 ಹೋಗಿ 8 ಆಯಿತು, ಆ ಎರಡು ಜಾಗದ ಯೋಜನೆಯೂ ಬಿತ್ತು. ಅಷ್ಟು ದೊಡ್ಡ ಸಂಸ್ಥೆ ಎರಡು ಪಂದ್ಯ ಬಿಟ್ಟುಕೊಟ್ಟಿತು. ನಿಮ್ಮಿಂದ 149 ರೂಪಾಯಿ ಬಿಡಲಾಗಲಿಲ್ಲ.

ಮಾರ್ಚ್ 4ಕ್ಕೆ 16ರ ಸುತ್ತು ಶುರು. ಅದು ನಿಮ್ಮ ಪಟ್ಟಿಯಲ್ಲಿದೆ. ನನ್ನ ಟೀಮ್ ಇಲ್ಲ.

ಆ 149 ವಾಪಸ್ ಕೊಡಿ ಎಂದು 12ನೇ ತಾರೀಕು ಕೇಳಿದ್ದೆ. ಈಗ ಬೇಡ, ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಅಲ್ಲಿ ಯಾರೂ ಗ್ರೂಪ್ ಕೇಳಲಿಲ್ಲ. ಮುಂದಿನದು ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದೊಳಗಿನ ದೂರಿಗೆ ಅಲ್ಲಿ ಫೀಸೂ ಇಲ್ಲ, ನನ್ನ ಹತ್ತಿರ ಹೊತ್ತು ಬೇಕಾದಷ್ಟಿದೆ, ತಂಡವೂ ಹೊರಬಿದ್ದಿದೆಯಲ್ಲ. ‘ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ’ ಎಂದು ಆ ರಾತ್ರಿ ಶುರುವಿನಲ್ಲೇ ಹೇಳಿದ್ದಿರಿ. ದಯವಿಟ್ಟು ಅಳಿಸಬೇಡಿ. ಆಯೋಗದ ಮುಂದೆ 41 ನಿಮಿಷವನ್ನೂ ಹಾಕಿಸುತ್ತೇನೆ, ಕೊಳಲು ಸೇರಿಸಿ.

ಇಂತಿ,
22ನೇ ಸ್ಥಾನದ ಗ್ರಾಹಕ