94 ದಿನದ ಮುಯ್ಯಿ

ಮನೆಗೆ ಬಂದು ಇವತ್ತಿಗೆ ಹದಿನೈದು ದಿನ. ಬೆನ್ನಿಗೆ ಹಾಕಿಕೊಂಡು ಹೋದ ಚೀಲ ಇನ್ನೂ ಪೂರ್ತಿ ಖಾಲಿ ಆಗಿಲ್ಲ. ಅದಕ್ಕಿಂತ ಮೊದಲು ಇದನ್ನು ಬರೆಯಬೇಕು ಅನ್ನಿಸಿತು. ಇಷ್ಟು ಜನ ನನಗಾಗಿ ಮಾಡಿದ್ದನ್ನು ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿ ಮುಗಿಸಲು ಆಗುವುದಿಲ್ಲ.

ನನ್ನ ಗುರುತಿಲ್ಲದವರಿಗೆ ಹೇಳುತ್ತೇನೆ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ಮಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ಆರು ವರ್ಷ ಕೂಡಿಟ್ಟ ದುಡ್ಡಿನಲ್ಲಿ, ಜೂನ್ ಮೊದಲ ವಾರ, ಅಂಗಳದಲ್ಲಿ ನೀರು ನಿಂತಿದ್ದ ಒಂದು ಬೆಳಿಗ್ಗೆ, ಒಬ್ಬಳೇ ಪೆರುವಿಗೆ ಹೊರಟೆ. ಅಲ್ಲಿಂದ ಬೊಲಿವಿಯಾ. ಒಟ್ಟು 94 ದಿನ. ಅದಕ್ಕೆ ಮೊದಲು ನಾನು ದೇಶ ಬಿಟ್ಟು ಹೋದವಳೇ ಅಲ್ಲ.

ಮೊದಲು ಅಮ್ಮನಿಗೆ. "ಒಬ್ಬಳೇ ಯಾಕೆ?" ಅಂತ ಒಂದೇ ಸಲ ಕೇಳಿದಳು. ಜೊತೆಗೆ ಬರುವವರಿಗಾಗಿ ಕಾಯುತ್ತಾ ಆರು ವರ್ಷ ಹೋಯಿತಮ್ಮಾ ಎಂದೆ. ಆಮೇಲೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅಡಿಕೆ ಸುಲಿಯುವಲ್ಲಿ ಯಾರು ಕೇಳಿದರೂ ನನ್ನ ಬದಲು ಅವಳೇ ಉತ್ತರ ಕೊಟ್ಟಳು. ಅದೆಷ್ಟು ದೊಡ್ಡ ಸಹಾಯ ಅಂತ ನಮ್ಮ ಊರಿನ ಹುಡುಗಿಯರಿಗೆ ಗೊತ್ತು.

ಬೆಂಗಳೂರಿನ ಗೆಳತಿಗೆ. ಹಳದಿ ಜ್ವರದ ಲಸಿಕೆ ಹಾಕಿಸದೆ ಆ ಕಡೆ ಹೋಗಿ ಬಂದರೆ, ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಬೇರೆ ಇರಿಸಬಹುದು ಅಂತ ಹೇಳಿದ್ದು ಅವಳು. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಆ ಲಸಿಕೆ ಕಾರ್ಡಿಗೆ ಬೆಲೆ. ನಾನು ಹೊರಡುವ ವಾರ ಹಾಕಿಸಿದರಾಯಿತು ಅಂದುಕೊಂಡಿದ್ದೆ. ಅವಳೇ ದಿನ ಗೊತ್ತು ಮಾಡಿ, ರಜೆ ಹಾಕಿ ಕರೆದುಕೊಂಡು ಹೋದಳು.

ಇನ್ನು ಪೆರುವಿನ ಬೆಟ್ಟದ ಊರು ಕುಸ್ಕೊ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಪೆರುವಿನ ರಾಜಧಾನಿ ಲಿಮಾ ಸಮುದ್ರದ ಪಕ್ಕದ ಊರು. ಆ ತಿಂಗಳಲ್ಲಿ ಅಲ್ಲಿ ಚಳಿಗಾಲ, ದಿನವಿಡೀ ಬೂದು ಮೋಡ. ಆದರೆ ಮಳೆ ಇಲ್ಲ. ಗೋಡೆ ಒದ್ದೆ ಮಾಡುವಷ್ಟು ತುಂತುರು, ಅದಕ್ಕೆ ಗಾರೂವಾ ಅನ್ನುತ್ತಾರೆ. ಅಲ್ಲಿಂದ ವಿಮಾನ ಹತ್ತಿ ಒಂದೂವರೆ ಗಂಟೆಯೊಳಗೆ ಕುಸ್ಕೊದಲ್ಲಿ ಇಳಿದೆ. ಕುಸ್ಕೊ 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಮೊದಲು ಅರೆಕಿಪಾದಂತಹ ಊರಿನಲ್ಲಿ, ಅಂದರೆ 2,300 ಮೀಟರಿನ ಹತ್ತಿರ, ಎರಡು ಮೂರು ದಿನ ಇದ್ದು ಹತ್ತಬೇಕಿತ್ತು. ಓದಿದ್ದೆ, ಆದರೂ ಟಿಕೆಟ್ ಅಗ್ಗ ಅಂತ ನೇರ ಹೋದೆ. ಇಂಕಾಗಳ ಕಾಲದ ಹಳೆಯ ಊರು ಮಾಚು ಪಿಕ್ಚು ತುಂಬಾ ಎತ್ತರದಲ್ಲಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಅದು ಕುಸ್ಕೊಗಿಂತ ಸುಮಾರು ಸಾವಿರ ಮೀಟರ್ ಕೆಳಗಿದೆ. ಹೋಗುವವರು ಯಾರಾದರೂ ಇದ್ದರೆ ಇದನ್ನು ನೆನಪಿಡಿ.

ಮೊದಲ ರಾತ್ರಿ ತಲೆ ಸಿಡಿಯಿತು. ಎರಡನೇ ರಾತ್ರಿ ವಾಂತಿ. ನಿದ್ದೆ ಹತ್ತಿದ ಕೂಡಲೇ ಉಸಿರು ನಿಂತ ಹಾಗಾಗಿ ಎದ್ದು ಕೂರುತ್ತಿದ್ದೆ. ಹೊರಗೆ ಸೊನ್ನೆಯ ಹತ್ತಿರದ ಚಳಿ. ನಮ್ಮ ಮನೆಯಲ್ಲಿ ಆಗ ಬೆಳಿಗ್ಗೆ, ಗಡಿಯಾರದಲ್ಲಿ ಹತ್ತೂವರೆ ಗಂಟೆ ಮುಂದೆ. ಅಮ್ಮ ದೋಸೆ ಹೊಯ್ಯುತ್ತಿರಬಹುದು ಅಂತ ನೆನಪಾಗಿ ಜೋರಾಗಿ ಅತ್ತೆ.

ಬಾಗಿಲು ತಟ್ಟಿದ್ದು ಹಾಸ್ಟೆಲಿನ ಯಜಮಾನಿ. ಅರುವತ್ತು ದಾಟಿದ ಹೆಂಗಸು. ನನಗೆ ಬರುವ ಸ್ಪ್ಯಾನಿಷ್ ಐವತ್ತು ಶಬ್ದ, ಅವರಿಗೆ ಬರುವ ಇಂಗ್ಲಿಷ್ ಎರಡು. ಮುಖ ನೋಡಿ "ಸೊರೊಚೆ" ಎಂದರು. ಎತ್ತರದ ಕಾಯಿಲೆಗೆ ಅಲ್ಲಿಯ ಹೆಸರು ಅದು. ರಾತ್ರಿ ಎರಡು ಗಂಟೆಗೆ ಟ್ಯಾಕ್ಸಿ ಹಿಡಿದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಬೆರಳಿಗೆ ಹಾಕಿದ ಮೆಷಿನ್ ರಕ್ತದ ಆಮ್ಲಜನಕ ಶೇಕಡಾ 78 ಅಂತ ತೋರಿಸಿತು. ಆಮ್ಲಜನಕ ಕೊಟ್ಟರು. ಬೆಳಗಾಗುವವರೆಗೂ ಆಕೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ನನ್ನ ಕಾಲಿಗೆ ತಮ್ಮ ಶಾಲು ಹೊದೆಸಿ. ನನ್ನನ್ನು "ಇಹಿತಾ" ಅಂತ ಕರೆದರು. ಪುಟ್ಟ ಮಗಳೇ ಅಂತ ಅರ್ಥ, ಆಮೇಲೆ ಗೊತ್ತಾಯಿತು. ಆಮೇಲಿನ ಮೂರು ದಿನ ಕೋಕಾ ಎಲೆಯ ಚಹಾ, ಬೆಳ್ಳುಳ್ಳಿ ಹಾಕಿದ ಸಾರು, ಮತ್ತು ಮೆಟ್ಟಿಲು ಹತ್ತಬಾರದು ಅನ್ನುವ ಕಟ್ಟಪ್ಪಣೆ. ಆ ಟ್ಯಾಕ್ಸಿ ದುಡ್ಡನ್ನು ಕೊನೆಯವರೆಗೂ ತೆಗೆದುಕೊಳ್ಳಲಿಲ್ಲ. ಜೂನ್ 24ಕ್ಕೆ ಸೂರ್ಯನ ಹಬ್ಬ ಇಂತಿ ರೈಮಿ ನೋಡಲು ಆ ಜನಜಂಗುಳಿಯ ನಡುವೆ ನಾನು ನಿಂತಿದ್ದೇನೆ ಅಂದರೆ ಅದು ಆಕೆಯಿಂದ. ಈ ಬರಹ ಆಕೆಗೆ ಓದಲು ಬರುವುದಿಲ್ಲ. ಆದರೂ ಬರೆಯದೆ ಇರಲು ನನ್ನಿಂದ ಆಗುವುದಿಲ್ಲ.

ಊಟದ್ದು ಬೇರೆ ಕಥೆ. ನಾನು ಮಾಂಸ ತಿನ್ನುವವಳಲ್ಲ. "ಸಿನ್ ಕಾರ್ನೆ", ಮಾಂಸ ಬೇಡ, ಅಂತ ಹೇಳಿದರೆ ಕೋಳಿ ಹಾಕಿ ಕೊಡುತ್ತಾರೆ, ಯಾಕೆಂದರೆ ಅವರ ಮಾತಿನಲ್ಲಿ ಕಾರ್ನೆ ಎಂದರೆ ಹೆಚ್ಚಾಗಿ ದನದ ಮಾಂಸ. ಕೋಳಿಯೂ ಬೇಡ, ಮೀನೂ ಬೇಡ ಅಂತ ಬಿಡಿಸಿ ಹೇಳಬೇಕು. ಕುಸ್ಕೊ ಸಂತೆಯ ಒಬ್ಬ ಅಡುಗೆಯಾಕೆ ನಾಲ್ಕನೇ ದಿನಕ್ಕೆ ನನ್ನನ್ನು ದೂರದಿಂದ ಕಂಡರೇ ಅನ್ನ, ಮೊಟ್ಟೆ, ಬೇಯಿಸಿದ ಬಟಾಟೆ ತಟ್ಟೆಗೆ ಹಾಕಿ ಇಡುತ್ತಿದ್ದಳು. ಅವಳಿಗೂ ಋಣಿ.

ಜುಲೈಯಲ್ಲಿ ಟಿಟಿಕಾಕಾ ಸರೋವರಕ್ಕೆ ಹೋದೆ. 3,812 ಮೀಟರ್ ಎತ್ತರದಲ್ಲಿ ಸಮುದ್ರದ ಹಾಗೆ ನೀರು. ಅಲ್ಲಿ ಅಮಂತಾನಿ ಅಂತ ಒಂದು ದ್ವೀಪ. ಪ್ರವಾಸಿಗಳನ್ನು ಊರಿನ ಮನೆಗಳವರೇ ಉಳಿಸಿಕೊಳ್ಳುತ್ತಾರೆ. ಒಂದು ರಾತ್ರಿಗೆಂದು ಹೋದವಳು ಒಂಬತ್ತು ದಿನ ಇದ್ದೆ. ಆ ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳ ಜೊತೆ ಕೆಚುವಾ ಮಾತಾಡುತ್ತಾಳೆ. ದೋಣಿಯವನ ಜೊತೆ ಸ್ಪ್ಯಾನಿಷ್. ಸರೋವರದ ಆಚೆ ದಡದ ಜನ ಬಂದರೆ ಐಮಾರಾ ಶಬ್ದಗಳೂ ನಡುವೆ ಬರುತ್ತವೆ. ಕೂತು ಕೇಳುತ್ತಾ ಕೇಳುತ್ತಾ ನನಗೆ ಇದು ನಮ್ಮ ಜಗಲಿಯೇ ಅನ್ನಿಸಿತು. ಮನೆಯಲ್ಲಿ ಕನ್ನಡ, ಕೆಲಸದವರ ಜೊತೆ ತುಳು, ಬಸ್ಸಿನಲ್ಲೂ ಪಂಚಾಯತಿಯಲ್ಲೂ ಮಲಯಾಳ, ಪಕ್ಕದ ಮನೆಯಿಂದ ಬ್ಯಾರಿ, ಆಚೆ ಮನೆಯಲ್ಲಿ ಮರಾಠಿ. ಪೂರ್ತಿ ಅರ್ಥವಾಗದ ಮಾತಿನ ನಡುವೆ ಹೆದರದೆ ಕೂರಲು ನಮಗೆ ಯಾರೂ ಕಲಿಸಬೇಕಾಗಿಲ್ಲ, ಅಲ್ವಾ. ಇದಕ್ಕಾಗಿ ನನ್ನ ಊರಿಗೇ ಒಂದು ನಮಸ್ಕಾರ.

ಎರಡನೇ ದಿನ ಸ್ನಾನಕ್ಕೆ ಬಿಸಿನೀರು ಬೇಕಿತ್ತು. ಕೈಸನ್ನೆ ಮಾಡುತ್ತಾ ಬಾಯಿತಪ್ಪಿ "ಬಾಲ್ದಿ" ಎಂದೆ. ಆ ಮನೆಯ ಅಮ್ಮ ಕೂಡಲೇ ಬಾಲ್ದಿ ತಂದಿಟ್ಟರು! ಸ್ಪ್ಯಾನಿಷಿನಲ್ಲೂ ಅದು ಬಾಲ್ದೆ. ನಮಗೆ ಪೋರ್ಚುಗೀಸರಿಂದ ಬಂದ ಶಬ್ದ, ಅವರಿಗೆ ಸ್ಪೇನಿನವರಿಂದ. ಹಾಗೆಯೇ ನಮ್ಮ ಮನೆಯ ಮೆಣಸಿನಕಾಯಿ, ಬಟಾಟೆ, ಬಪ್ಪಂಗಾಯಿ, ಗುಡ್ಡದ ಗೇರುಮರ ಎಲ್ಲದರ ತವರು ಆ ಕಡೆಯ ಖಂಡವೇ. ಅವು ನೂರಾರು ವರ್ಷದ ಹಿಂದೆ ಬಂದ ದಾರಿಯಲ್ಲಿ ನಾನು ತಿರುಗಿ ಹೋಗಿದ್ದೇನೆ ಅನ್ನುವ ಯೋಚನೆ ಆ ಚಳಿಯಲ್ಲಿ ನನಗೆ ಎಷ್ಟು ಧೈರ್ಯ ಕೊಟ್ಟಿತು ಹೇಳಲಾರೆ.

ಅದು ಚುನ್ಯೊ ಮಾಡುವ ಕಾಲ. ಬಟಾಟೆಯನ್ನು ರಾತ್ರಿ ಹೊರಗೆ ಹರಡಿ ಹಿಮಕ್ಕೆ ಬಿಡುತ್ತಾರೆ. ಹಗಲಿಗೆ ಬಿಸಿಲು. ಕೆಲವು ದಿನ ಹೀಗೆ ಮಾಡಿ, ಕಾಲಿನಿಂದ ತುಳಿದು ನೀರು ತೆಗೆದು, ಮತ್ತೆ ಒಣಗಿಸುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಅಡಿಕೆ ಹರಡಿದ ನಮ್ಮ ಅಂಗಳವೇ ಕಣ್ಣಿಗೆ ಬಂತು. ನಾನೂ ಬರಿಗಾಲಲ್ಲಿ ಇಳಿದು ತುಳಿದೆ. ಕಾಲು ಮರಗಟ್ಟಿತು, ಖುಷಿಯಾಯಿತು. ಪಕ್ಕದ ಮನೆಯವರೂ ಬಂದು ತುಳಿದರು. ಕೂಲಿ ಇಲ್ಲ. ನಾಳೆ ಇವರು ಅವರ ಮನೆಗೆ ಹೋಗಬೇಕು. ಅದಕ್ಕೆ ಕೆಚುವಾದಲ್ಲಿ ಐನಿ ಅನ್ನುತ್ತಾರೆ. ನನ್ನ ಅಜ್ಜ ಹೇಳುತ್ತಿದ್ದ ಮುಯ್ಯಾಳು ಅದೇ. ಹೊರಡುವ ದಿನ ಆ ಅಮ್ಮನಿಗೆ ಜಾಸ್ತಿ ದುಡ್ಡು ಕೊಡಲು ಹೋದೆ. ರಾತ್ರಿಯ ಲೆಕ್ಕದಷ್ಟೇ ಎಣಿಸಿ ತೆಗೆದುಕೊಂಡು, ಉಳಿದದ್ದನ್ನು ಕೈಗೆ ಮರಳಿಸಿ, "ಐನಿ" ಎಂದರು. ನಾನು ತುಳಿದದ್ದು ಎರಡು ದಿನ. ಅವರು ಮಾಡಿದ್ದು ಒಂಬತ್ತು ದಿನ. ಲೆಕ್ಕ ಬರೆಯುವವಳು ನಾನು, ಈ ಲೆಕ್ಕ ಸರಿ ಹೋಗುವುದಿಲ್ಲ.

ಬೊಲಿವಿಯಾಕ್ಕೆ ಕಸಾನಿ ಅನ್ನುವಲ್ಲಿ ಗಡಿಯನ್ನು ನಡೆದೇ ದಾಟಿದೆ. ಎರಡೂ ಕಡೆ ಐಮಾರಾ ಮಾತಾಡುವ ಜನ, ಮೂಟೆ ಹೊತ್ತು ಆಚೀಚೆ ಹೋಗುತ್ತಿದ್ದರು. ನಮ್ಮ ಕೇರಳ ಕರ್ನಾಟಕ ಗಡಿಯ ತಲಪಾಡಿ ನೆನಪಾಯಿತು. 2020ರಲ್ಲಿ ಅಲ್ಲಿ ದಾರಿ ಮುಚ್ಚಿದಾಗ ನಮ್ಮ ದೊಡ್ಡಮ್ಮ ಔಷಧಿಗೆ ಪಟ್ಟ ಪಾಡೂ ನೆನಪಾಯಿತು. ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿದೆ.

ಲಾ ಪಾಸ್‌ನಲ್ಲಿ ನನ್ನ ಕಾರ್ಡು ನಿಂತುಹೋಯಿತು. ಬ್ಯಾಂಕಿಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಕೈಯಲ್ಲಿ ಎರಡು ದಿನದ ದುಡ್ಡು. ಆಗ ನೆನಪಾದದ್ದು ಶಾರ್ಜಾದಲ್ಲಿರುವ ನಮ್ಮ ಪಕ್ಕದ ಮನೆಯ ಇಚ್ಚ, ಅಂದರೆ ಅಣ್ಣ. ಮೆಸೇಜ್ ಹಾಕಿ ಮೂರು ಗಂಟೆಯಲ್ಲಿ ದುಡ್ಡು ನನ್ನ ಕೈಗೆ ಬಂತು. ಅದಕ್ಕಿಂತ ದೊಡ್ಡದು ಆಮೇಲೆ ಅವರು ಹೇಳಿದ್ದು. "ತಂಗೀ, ನಾನು ಹತ್ತೊಂಬತ್ತು ವರ್ಷಕ್ಕೆ ಇಲ್ಲಿಗೆ ಬಂದಾಗ ಎರಡು ತಿಂಗಳು ರಾತ್ರಿ ಅತ್ತಿದ್ದೇನೆ. ಮನೆಗೆ ಹೇಳಲೇ ಇಲ್ಲ. ನೀನು ಅಮ್ಮನಿಗೆ ಹೇಳು." ನಾನು ಆಸೆಪಟ್ಟು ಹೋದವಳು. ಅವರು ಮನೆಗಾಗಿ ಹೋದವರು. ನಮ್ಮ ಊರಿನಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಹೇಳದೆ ಉಳಿದ ರಾತ್ರಿಗಳಿವೆಯೋ. ಇಚ್ಚಾ, ದುಡ್ಡು ತಿರುಗಿಸಿದ್ದೇನೆ, ಮಾತಿನ ಸಾಲ ಹಾಗೇ ಇದೆ.

ಬಂದ ಮೇಲಿನದ್ದನ್ನೂ ಹೇಳಬೇಕು. ವಾಪಸ್ ಬಂದ ಮೇಲೆ ಇಷ್ಟು ಕಷ್ಟವಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ವಾರ ಮಧ್ಯಾಹ್ನ ನಿದ್ದೆ, ರಾತ್ರಿ ಎಚ್ಚರ. ಒಡೆದ ತುಟಿಗೆ ಇಲ್ಲಿಯ ಸೆಖೆಯಲ್ಲೂ ಉರಿ. ಅಂಗಡಿಯಲ್ಲಿ ಥ್ಯಾಂಕ್ಸ್ ಬದಲು ಸ್ಪ್ಯಾನಿಷಿನ "ಗ್ರಾಸಿಯಾಸ್" ಅಂದು ನಾಚಿಕೊಂಡೆ. ಯಾರ ಜೊತೆಯೂ ಮಾತಾಡಲು ಮನಸ್ಸಾಗುತ್ತಿರಲಿಲ್ಲ. ಅಮ್ಮ ಏನೂ ಕೇಳಲಿಲ್ಲ. ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ತಂದಿಟ್ಟಳು. ಮತ್ತೆ ಕೆಲಸಕ್ಕೆ ಸೇರಿಸಿಕೊಂಡು, ಮೊದಲ ವಾರ ಅರ್ಧ ದಿನ ಸಾಕು ಎಂದ ನಮ್ಮ ಆಫೀಸಿನ ಹಿರಿಯರಿಗೂ ದೊಡ್ಡ ಥ್ಯಾಂಕ್ಸ್.

ಅಮಂತಾನಿಯ ಮನೆಯ ಮಗಳು ಪಕ್ಕದ ಊರಿಗೆ ಬಂದಾಗೆಲ್ಲ ವಾಟ್ಸ್ಯಾಪಿನಲ್ಲಿ ಅಮ್ಮನ ದನಿ ಕಳಿಸುತ್ತಾಳೆ. ಮೊನ್ನೆ ಬಂದದ್ದರಲ್ಲಿ ನನಗೆ ಗೊತ್ತಾದದ್ದು ಎರಡೇ ಶಬ್ದ, ನನ್ನ ಹೆಸರು ಮತ್ತು ಬಟಾಟೆ. ನಮ್ಮ ಅಮ್ಮ ಎರಡು ಸಲ ಕೇಳಿಸಿಕೊಂಡು, ಫೋನ್ ಹತ್ತಿರ ಹಿಡಿದು, ಇಲ್ಲಿ ಮಳೆ ಕಡಿಮೆಯಾಗಿದೆ, ಮಗಳು ಈಗ ಸರಿಯಾಗಿ ಉಣ್ಣುತ್ತಿದ್ದಾಳೆ, ನೀವು ನೋಡಿಕೊಂಡದ್ದಕ್ಕೆ ದೇವರು ಒಳ್ಳೆಯದು ಮಾಡಲಿ ಅಂತ ಕನ್ನಡದಲ್ಲೇ ಹೇಳಿ ಕಳಿಸಿದಳು. ಈಗ ಅವರು ನಮ್ಮ ಅಂಗಳದ ಫೋಟೋ ಕೇಳಿದ್ದಾರೆ. ಬಿಸಿಲು ಬರಲಿ, ಅಡಿಕೆ ಹಾಕಿದ ಮೇಲೆ ತೆಗೆದು ಕಳಿಸುತ್ತೇನೆ.